ಕಾರು ಕಂಪನಿಗಳ ವಿಲೀನವನ್ನು ಕೊಟೇಶನ್ ಬರೆಯುವವನಂತೆ ಅಳೆಯುವುದು ಹೇಗೆ?

ತಗಡು ಒತ್ತಿ ಬಿಡಿಭಾಗ ಮಾಡುವ ಪೀಣ್ಯದ ಒಂದು ಪ್ರೆಸ್ ಶಾಪ್‌ನಲ್ಲಿ ಕೊಟೇಶನ್, ಎಂದರೆ ದರಪಟ್ಟಿ, ಬರೆಯುವುದು ನನ್ನ ಕೆಲಸ. ಕಾರು ಕಂಪನಿಗಳಿಂದ ಡ್ರಾಯಿಂಗ್ ಬರುತ್ತದೆ. ಆ ಬಿಡಿಭಾಗಕ್ಕೆ ಎಷ್ಟು ತಗಡು ಬೇಕು, ತಗಡಿಗೆ ಆಕಾರ ಕೊಡುವ ಅಚ್ಚು, ಅಂದರೆ ಡೈ, ಮಾಡಿಸಲು ಎಷ್ಟಾಗುತ್ತದೆ, ಎಷ್ಟು ಟನ್ನಿನ ಪ್ರೆಸ್ ಹಾಕಬೇಕು, ಒಂದು ಶಿಫ್ಟ್‌ಗೆ ಎಷ್ಟು ಬೀಳುತ್ತವೆ ಎಂದೆಲ್ಲ ಲೆಕ್ಕ ಹಾಕಿ ದರ ಹೇಳುತ್ತೇನೆ. ನಾನು ಹೇಳಿದ ದರವನ್ನು ಅವರು ನಂಬುವುದಿಲ್ಲ, ಅವರು ಬರೆದ ವಾರ್ಷಿಕ ಬೇಡಿಕೆಯ ಅಂಕಿಯನ್ನು ನಾನು ನಂಬುವುದಿಲ್ಲ. ಪರಸ್ಪರ ಅನುಮಾನದಲ್ಲೇ ವ್ಯಾಪಾರ ಚೆನ್ನಾಗಿ ಸಾಗುತ್ತದೆ.

ಈ ಅಭ್ಯಾಸ ಕೈಬಿಡುವಂಥದ್ದಲ್ಲ. ಎರಡು ಪ್ರತಿಸ್ಪರ್ಧಿ ಕಾರು ಕಂಪನಿಗಳು ಒಂದಾಗುತ್ತವೆ ಎಂಬ ಸುದ್ದಿ ಬಂದಾಗ, ಷೇರು ಪೇಟೆಯ ಹುಚ್ಚು ಹಿಡಿಸಿಕೊಂಡಿರುವ ನನ್ನ ಸೋದರಳಿಯ ‘ಮಾವ, ಇದು ಗಿಟ್ಟುವ ವ್ಯವಹಾರವೇ?’ ಎಂದು ಕೇಳುತ್ತಾನೆ. ನಾನು ಬಿಳಿ ಹಾಳೆ ತೆಗೆದು ಕೊಟೇಶನ್‌ನಂತೆಯೇ ಕಲಮುಗಳನ್ನು ಎಳೆಯುತ್ತೇನೆ. ಆ ಹಾಳೆಯನ್ನು ತುಂಬುವ ವಿಧಾನವನ್ನು ಇಲ್ಲಿ ಬರೆಯುತ್ತಿದ್ದೇನೆ. ಅಭ್ಯಾಸಕ್ಕೆ ಹೋಂಡಾ ಮತ್ತು ನಿಸ್ಸಾನ್ ಪ್ರಕರಣವನ್ನು ಇಟ್ಟುಕೊಳ್ಳೋಣ. ಅದು ಶುರುವಾಗಿ, ಮುರಿದುಬಿದ್ದು, ಮುಗಿದಿರುವುದರಿಂದ ನಮ್ಮ ಉತ್ತರವನ್ನು ತಾಳೆ ನೋಡಲು ಸಾಧ್ಯ.

ಬೇಕಾಗುವುದು ಹೆಚ್ಚೇನಿಲ್ಲ: ಎರಡೂ ಕಂಪನಿಗಳ ಪತ್ರಿಕಾ ಪ್ರಕಟಣೆ, ಅವು ಮಾರುವ ಮಾಡೆಲ್‌ಗಳ ಪಟ್ಟಿ, ಕಾರ್ಖಾನೆಗಳು ಎಲ್ಲೆಲ್ಲಿವೆ ಎಂಬ ಪಟ್ಟಿ, ಒಂದು ಪೆನ್ನು. ಟಿವಿ ಚರ್ಚೆಗಳು ಬೇಡ.

ಕಾಯಿಲೆ ಯಾರಿಗೆ, ಯಾವುದು ಎಂದು ಮೊದಲು ಬರೆಯಿರಿ

ಗಟ್ಟಿಮುಟ್ಟಾಗಿರುವ ಎರಡು ಕಾರು ಕಂಪನಿಗಳು ಸುಮ್ಮನೆ ಒಂದಾಗುವುದಿಲ್ಲ. ಯಾರೋ ಒಬ್ಬರಿಗೆ ಉಸಿರು ಕಟ್ಟಿರುತ್ತದೆ. ಪ್ರಕಟಣೆಯಲ್ಲಿ ಅದನ್ನು ಬರೆದಿರುವುದಿಲ್ಲ. ‘ಬದಲಾಗುತ್ತಿರುವ ಜಾಗತಿಕ ಪರಿಸ್ಥಿತಿ’, ‘ವಿದ್ಯುತ್ ವಾಹನಗಳ ಯುಗ’ ಎಂದೆಲ್ಲ ಇರುತ್ತದೆ. ಆದ್ದರಿಂದ ಪ್ರಕಟಣೆಗೆ ಒಂದೆರಡು ತಿಂಗಳು ಹಿಂದಿನ ಸುದ್ದಿಗಳನ್ನು ಓದಿ.

ಹೋಂಡಾ ಮತ್ತು ನಿಸ್ಸಾನ್ ಒಪ್ಪಂದದ ಕಾಗದಕ್ಕೆ ಸಹಿ ಹಾಕಿದ್ದು 2024ರ ಡಿಸೆಂಬರ್ 23ರಂದು. ಅದಕ್ಕೆ ಆರೇಳು ವಾರ ಮುಂಚೆ, ನವೆಂಬರ್ ಆರಂಭದಲ್ಲಿ, ನಿಸ್ಸಾನ್ 9,000 ಉದ್ಯೋಗಗಳನ್ನು ಕಡಿತಗೊಳಿಸುವುದಾಗಿಯೂ ಜಗತ್ತಿನಾದ್ಯಂತ ತಯಾರಿಕಾ ಸಾಮರ್ಥ್ಯವನ್ನು ಶೇ 20ರಷ್ಟು ಇಳಿಸುವುದಾಗಿಯೂ ಹೇಳಿತ್ತು. ಸೆಪ್ಟೆಂಬರ್‌ಗೆ ಮುಗಿದ ಆರು ತಿಂಗಳ ಕಾರ್ಯಾಚರಣೆ ಲಾಭ ಹಿಂದಿನ ವರ್ಷಕ್ಕಿಂತ ಶೇ 90ರಷ್ಟು ಕುಸಿದಿತ್ತು. ಅಮೆರಿಕದಲ್ಲಿ ಜನ ಹೈಬ್ರಿಡ್ (ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟರೂ ಇರುವ) ಕಾರು ಕೇಳುತ್ತಿದ್ದಾಗ ನಿಸ್ಸಾನ್ ಶೋರೂಮ್‌ಗಳಲ್ಲಿ ಅದು ಇರಲಿಲ್ಲ. 2010ರಲ್ಲೇ ಲೀಫ್ ಎಂಬ ವಿದ್ಯುತ್ ಕಾರನ್ನು ಹೊರತಂದು ಎಲ್ಲರಿಗಿಂತ ಮುಂದೆ ಓಡಿದ್ದ ಕಂಪನಿ ಇದು.

ಸುದ್ದಿ ಸೋರಿದ ದಿನ ಷೇರು ಬೆಲೆ ಏನಾಯಿತು ಎಂಬುದನ್ನೂ ಈ ಕಲಮಿನಲ್ಲೇ ಬರೆಯಿರಿ. ಡಿಸೆಂಬರ್ 18ರಂದು ಟೋಕಿಯೊದಲ್ಲಿ ನಿಸ್ಸಾನ್ ಷೇರು ಸುಮಾರು ಶೇ 24ರಷ್ಟು ಜಿಗಿಯಿತು, ಹೋಂಡಾ ಷೇರು ಇಳಿಯಿತು. ಯಾರು ಯಾರನ್ನು ಹೊರಬೇಕಾಗುತ್ತದೆ ಎಂಬುದನ್ನು ಪೇಟೆ ಒಂದೇ ದಿನದಲ್ಲಿ ಹೇಳಿಬಿಟ್ಟಿತು. ಆಗ ಹೋಂಡಾದ ಮಾರುಕಟ್ಟೆ ಮೌಲ್ಯ ನಿಸ್ಸಾನ್‌ನ ನಾಲ್ಕು ಪಟ್ಟಿನ ಆಸುಪಾಸಿನಲ್ಲಿತ್ತು. ಈ ಅಂಕಿಯನ್ನು ದೊಡ್ಡದಾಗಿ ಬರೆದಿಡಿ, ಮುಂದೆ ಬೇಕಾಗುತ್ತದೆ.

ಮಾಡೆಲ್‌ಗಳನ್ನು ಎದುರುಬದುರು ನಿಲ್ಲಿಸಿ

ಹಾಳೆಯ ಎಡಕ್ಕೆ ಒಂದು ಕಂಪನಿ, ಬಲಕ್ಕೆ ಇನ್ನೊಂದು. ಒಂದೇ ಗ್ರಾಹಕ ಎರಡನ್ನೂ ನೋಡಿ ಒಂದನ್ನು ಕೊಳ್ಳುವಂತಿದ್ದರೆ ನಡುವೆ ಗೆರೆ ಎಳೆಯಿರಿ. ಅಮೆರಿಕದ ಪಟ್ಟಿಯನ್ನೇ ನೋಡಿ: ಹೋಂಡಾ ಸಿಆರ್‌–ವಿ ಎದುರಿಗೆ ನಿಸ್ಸಾನ್ ರೋಗ್, ಅಕಾರ್ಡ್ ಎದುರಿಗೆ ಆಲ್ಟಿಮಾ, ಸಿವಿಕ್ ಎದುರಿಗೆ ಸೆಂಟ್ರಾ, ಪೈಲಟ್ ಎದುರಿಗೆ ಪಾತ್‌ಫೈಂಡರ್. ಗೆರೆಗಳಿಂದಲೇ ಹಾಳೆ ತುಂಬಿಹೋಗುತ್ತದೆ. ಗೆರೆ ಬೀಳದ ಜಾಗ ಸ್ವಲ್ಪ: ಲ್ಯಾಡರ್ ಫ್ರೇಮ್, ಎಂದರೆ ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸಿದ ದೊಡ್ಡ ಗಾಡಿಗಳು ನಿಸ್ಸಾನ್‌ನಲ್ಲಿವೆ, ಹೋಂಡಾದಲ್ಲಿಲ್ಲ. ಒಳ್ಳೆಯ ಹೈಬ್ರಿಡ್ ಹೋಂಡಾದಲ್ಲಿದೆ, ನಿಸ್ಸಾನ್‌ಗೆ ಬೇಕು.

ಆಮೇಲೆ ದೇಶಗಳ ಪಟ್ಟಿಗೂ ಇದನ್ನೇ ಮಾಡಿ. ಎರಡಕ್ಕೂ ಜಪಾನ್, ಅಮೆರಿಕ, ಚೀನಾ ದೊಡ್ಡ ಮಾರುಕಟ್ಟೆಗಳು. ಚೀನಾದಲ್ಲಿ ಎರಡೂ ಸ್ಥಳೀಯ ವಿದ್ಯುತ್ ಕಾರುಗಳ ಕೈಯಲ್ಲಿ ಸೋಲುತ್ತಿದ್ದವು. ಒಬ್ಬರು ಕಾಲಿಡದ ಊರಿನಲ್ಲಿ ಇನ್ನೊಬ್ಬರ ಅಂಗಡಿ ಇದ್ದರೆ ವಿಲೀನದಿಂದ ಹೊಸ ಗಿರಾಕಿ ಸಿಗುತ್ತಾನೆ. ಫಿಯೆಟ್‌ಗೆ ಕ್ರೈಸ್ಲರ್ ದಕ್ಕಿದ್ದು ಹಾಗೆ. 2009ರಲ್ಲಿ ಕ್ರೈಸ್ಲರ್ ದಿವಾಳಿಯಾದಾಗ ಫಿಯೆಟ್ ನಗದು ಕೊಡದೆ, ಸಣ್ಣ ಕಾರಿನ ತಂತ್ರಜ್ಞಾನದ ಬದಲಿಗೆ ಶೇ 20ರಷ್ಟು ಪಾಲು ಪಡೆಯಿತು. ಇಟಲಿ ಮತ್ತು ಬ್ರೆಜಿಲ್ ಇವರದು, ಅಮೆರಿಕ ಅವರದು. ಜೊತೆಗೆ ಜೀಪ್ ಎಂಬ ಹೆಸರು ಬಂತು. ಆ ಜೀಪ್ ಕಂಪಾಸ್ ಪುಣೆ ಬಳಿಯ ರಂಜನಗಾಂವ್‌ನ ಫಿಯೆಟ್ ಕಾರ್ಖಾನೆಯಲ್ಲೇ ತಯಾರಾಗತೊಡಗಿತು. ಗೆರೆಗಳು ಕಡಿಮೆ ಇದ್ದವು, ವ್ಯವಹಾರ ಗಿಟ್ಟಿತು.

ಗೆರೆ ಹೆಚ್ಚಿದ್ದರೆ ವಿಲೀನ ಬೇಡವೆಂದು ಅರ್ಥವಲ್ಲ. ಗೆರೆ ಹೆಚ್ಚಿದ್ದರೆ ಲಾಭ ಬರುವುದು ಮಾರಾಟದಿಂದಲ್ಲ, ಖರ್ಚು ಕಡಿತದಿಂದ ಮಾತ್ರ ಎಂದರ್ಥ. ಹಾಗಾದರೆ ಖರ್ಚಿನ ಕಲಮಿಗೆ ಬನ್ನಿ. ಇಲ್ಲಿ ನನಗೆ ಸ್ವಲ್ಪ ಹೆಚ್ಚು ಮಾತಾಡಲು ಅವಕಾಶ ಕೊಡಿ, ಅನ್ನ ತಿನ್ನುವುದೇ ಇದರಿಂದ.

ಒಂದು ಬ್ರಾಕೆಟ್ಟಿನ ಲೆಕ್ಕ ಹಾಕಿ

ಸೈಲೆನ್ಸರ್ ಕೊಳವೆಯನ್ನು ಕಾರಿನ ಹೊಟ್ಟೆಗೆ ತೂಗುಹಾಕುವ ಒಂದು ಸಣ್ಣ ಬ್ರಾಕೆಟ್ ಇದೆಯೆಂದುಕೊಳ್ಳಿ. ಅಂಗೈಯಷ್ಟು ಅಗಲ, ಎರಡು ತೂತು, ಒಂದು ಮಡಿಕೆ. ಲೆಕ್ಕಕ್ಕೆ ಸುಲಭವಾಗಲೆಂದು ದುಂಡು ಅಂಕಿ ಕೊಡುತ್ತೇನೆ. ತಗಡಿಗೆ, ಕತ್ತರಿಸಿ ಉಳಿದ ಸ್ಕ್ರ್ಯಾಪ್ ಮಾರಿದ ಹಣ ಕಳೆದು, 34 ರೂಪಾಯಿ. ಪ್ರೆಸ್ ಕೆಲಸಕ್ಕೆ 7. ತುಕ್ಕು ಹಿಡಿಯದ ಲೇಪನಕ್ಕೆ 5. ಡಬ್ಬ, ಸಾಗಣೆಗೆ 2. ನಮ್ಮ ಮೇಲ್ಖರ್ಚು ಮತ್ತು ಲಾಭ 6. ಡೈ ಮಾಡಿಸಲು 18 ಲಕ್ಷ ರೂಪಾಯಿ. ವರ್ಷಕ್ಕೆ 60,000ದಂತೆ ಐದು ವರ್ಷ ಎಂದರೆ 3 ಲಕ್ಷ ಬ್ರಾಕೆಟ್. ಅಂದರೆ ಒಂದೊಂದರ ತಲೆಯ ಮೇಲೆ ಡೈ ಖರ್ಚು 6 ರೂಪಾಯಿ. ಒಟ್ಟು 60 ರೂಪಾಯಿ.

ಈಗ ಎರಡು ಕಾರು ಕಂಪನಿಗಳು ಒಂದಾಗಿ, ಎರಡರ ಕಾರಿಗೂ ಇದೇ ಬ್ರಾಕೆಟ್ ಹಾಕಿದವು ಎನ್ನಿ. ಸಂಖ್ಯೆ 6 ಲಕ್ಷವಾಯಿತು. ಡೈ ಖರ್ಚು 6ರಿಂದ 3 ರೂಪಾಯಿಗೆ ಇಳಿಯಿತು. ತಗಡಿನ ಬೆಲೆ ಇಳಿಯಲಿಲ್ಲ, ಏಕೆಂದರೆ ಉಕ್ಕಿನ ಕಂಪನಿಗೆ ಯಾರು ಯಾರೊಂದಿಗೆ ಒಂದಾದರೂ ಕಿಲೋ ಕಿಲೋನೇ. ಪ್ರೆಸ್ಸಿನ ಏಟೂ ಅಷ್ಟೇ, ಲೇಪನವೂ ಅಷ್ಟೇ. ಸಂಖ್ಯೆ ಎರಡು ಪಟ್ಟಾದರೂ ಉಳಿದದ್ದು 60ಕ್ಕೆ 3 ರೂಪಾಯಿ, ಶೇ 5.

ಆ ಶೇ 5 ಕೂಡ ನಾಳೆಯೇ ಸಿಗುವುದಿಲ್ಲ. ಒಬ್ಬರ ಡ್ರಾಯಿಂಗ್‌ನಲ್ಲಿ ತೂತು 8.5 ಮಿಲಿಮೀಟರ್, ಇನ್ನೊಬ್ಬರದರಲ್ಲಿ 9. ಒಬ್ಬರ ಉಕ್ಕಿನ ದರ್ಜೆ ಬೇರೆ, ಇನ್ನೊಬ್ಬರು ತುಕ್ಕು ನೋಡುವ ಉಪ್ಪುನೀರಿನ ಪರೀಕ್ಷೆಯನ್ನು ಹೆಚ್ಚು ಗಂಟೆ ಕೇಳುತ್ತಾರೆ. ಎರಡೂ ಕಡೆಯ ಎಂಜಿನಿಯರುಗಳು ತಮ್ಮ ತೂತೇ ಸರಿಯಾದ ತೂತು ಎಂದು ಪ್ರಾಣ ಬಿಡಲೂ ಸಿದ್ಧ. ಓಡುತ್ತಿರುವ ಮಾಡೆಲ್‌ನಲ್ಲಿ ಬ್ರಾಕೆಟ್ ಬದಲಿಸಿದರೆ ಕಂಪನ ಪರೀಕ್ಷೆ ಮತ್ತೆ ಮಾಡಬೇಕು, ಮಾದರಿ ತುಣುಕುಗಳಿಗೆ ಹೊಸದಾಗಿ ಒಪ್ಪಿಗೆ ಪಡೆಯಬೇಕು, ಹಳೆಯದನ್ನು ಸ್ಪೇರ್ ಪಾರ್ಟ್ ಆಗಿ ವರ್ಷಗಟ್ಟಲೆ ಕೊಡುತ್ತಿರಬೇಕು. ಉಳಿತಾಯಕ್ಕಿಂತ ಬದಲಾವಣೆಯ ಖರ್ಚೇ ಹೆಚ್ಚು. ಆದ್ದರಿಂದ ಬಿಡಿಭಾಗಗಳು ನಿಜವಾಗಿ ಒಂದಾಗುವುದು ಮುಂದಿನ ಪೀಳಿಗೆಯ ಕಾರು ಬಂದಾಗ, ಎಂದರೆ ನಾಲ್ಕೈದು ವರ್ಷಗಳ ನಂತರ. ಮೊದಲ ಎರಡು ವರ್ಷದಲ್ಲೇ ಕೋಟಿಗಟ್ಟಲೆ ಉಳಿತಾಯ ಎಂದು ಪ್ರಕಟಣೆ ಹೇಳಿದರೆ ಅದು ಬರುವುದು ಬಿಡಿಭಾಗ ಒಂದಾದುದರಿಂದಲ್ಲ, ನಮ್ಮಂಥವರಿಗೆ ‘ದರ ಇಳಿಸಿ’ ಎಂದು ಪತ್ರ ಬರೆದುದರಿಂದ.

ಹಾಗಾದರೆ ವಿಲೀನದಿಂದ ಉಳಿತಾಯವೇ ಇಲ್ಲವೇ? ಇದೆ. ನನ್ನ ಬ್ರಾಕೆಟ್‌ನಲ್ಲಿ ಡೈ ಖರ್ಚು ಹತ್ತರಲ್ಲಿ ಒಂದು ಪಾಲು. ಎಂಜಿನ್, ಗೇರ್‌ಬಾಕ್ಸ್, ಬ್ಯಾಟರಿ ವ್ಯವಸ್ಥೆ, ಕಾರಿನ ಅಡಿಪಾಯವಾದ ಪ್ಲಾಟ್‌ಫಾರಂ, ಸಾಫ್ಟ್‌ವೇರ್ ಇವುಗಳಲ್ಲಿ ಮೊದಲೇ ಸುರಿಯಬೇಕಾದ ಹಣದ ಪಾಲು ಬಹಳ ದೊಡ್ಡದು. ಸಾಫ್ಟ್‌ವೇರ್‌ನಲ್ಲಂತೂ ತಗಡೇ ಇಲ್ಲ, ಹೆಚ್ಚು ಕಡಿಮೆ ಎಲ್ಲವೂ ಡೈ ಖರ್ಚು ಇದ್ದಂತೆ. ಹತ್ತು ಲಕ್ಷ ಕಾರಿಗೆ ಬರೆದ ಪ್ರೋಗ್ರಾಂ ಇಪ್ಪತ್ತು ಲಕ್ಷ ಕಾರಿನಲ್ಲಿ ಕೂತರೆ ತಲೆಖರ್ಚು ನೇರವಾಗಿ ಅರ್ಧವಾಗುತ್ತದೆ. ಆದ್ದರಿಂದ ಹಾಳೆಯಲ್ಲಿ ಹೀಗೆ ಬರೆಯಿರಿ: ಯಾವ ಭಾಗಗಳನ್ನು ಹಂಚಿಕೊಳ್ಳುತ್ತಾರೆ, ಅವುಗಳಲ್ಲಿ ತಗಡಿನ ಪಾಲು ಎಷ್ಟು, ಮೊದಲೇ ಸುರಿಯುವ ಹಣದ ಪಾಲು ಎಷ್ಟು. ಎರಡನೆಯದು ದೊಡ್ಡದಾದಷ್ಟೂ ವಿಲೀನಕ್ಕೆ ಅರ್ಥವಿದೆ.

ಇದನ್ನು ಸರಿಯಾಗಿ ಮಾಡಿದವರು ಹ್ಯುಂಡೈ ಮತ್ತು ಕಿಯಾ. 1997ರಲ್ಲಿ ಕಿಯಾ ದಿವಾಳಿಯಾಯಿತು, 1998ರಲ್ಲಿ ನಡೆದ ಹರಾಜಿನಲ್ಲಿ ಫೋರ್ಡ್‌ನಂಥವರನ್ನು ಹಿಂದಿಕ್ಕಿ ಹ್ಯುಂಡೈ ಅದನ್ನು ಕೊಂಡಿತು. ಒಂದೇ ದೇಶ, ಒಂದೇ ಗಿರಾಕಿ, ಎದುರುಬದುರು ಅಂಗಡಿ. ನನ್ನ ಗೆರೆ ಪರೀಕ್ಷೆಯಲ್ಲಿ ಹಾಳೆಯೇ ಕಾಣದಷ್ಟು ಗೆರೆಗಳು. ಆದರೂ ಗಿಟ್ಟಿತು. ಕಾಣದ ಭಾಗಗಳನ್ನೆಲ್ಲ ಒಂದು ಮಾಡಿ, ಕಾಣುವ ಭಾಗಗಳನ್ನು ಹಟ ಹಿಡಿದು ಬೇರೆ ಇಟ್ಟರು. 2006ರಲ್ಲಿ, ಆಡಿ ಮತ್ತು ಫೋಕ್ಸ್‌ವ್ಯಾಗನ್‌ನಲ್ಲಿ ಕೆಲಸ ಮಾಡಿದ್ದ ಪೀಟರ್ ಶ್ರೇಯರ್ ಅವರನ್ನು ಕಿಯಾದ ವಿನ್ಯಾಸಕ್ಕೆ ಕೂರಿಸಿದರು. ಬೆಂಗಳೂರಿನಿಂದ ಅನಂತಪುರದ ಹೆದ್ದಾರಿಯಲ್ಲಿ ಹೋದರೆ ಸಿಗುವ ಪೆನುಕೊಂಡದ ಕಾರ್ಖಾನೆಯಲ್ಲಿ 2019ರಲ್ಲಿ ಹೊರಬಂದ ಸೆಲ್ಟೋಸ್ ಮತ್ತು ಮರುವರ್ಷ ಶ್ರೀಪೆರುಂಬುದೂರಿನಿಂದ ಬಂದ ಹೊಸ ಕ್ರೆಟಾ ಅಡಿಯಲ್ಲಿ ಅಣ್ಣತಮ್ಮಂದಿರೇ, ಎಂಜಿನ್‌ಗಳೂ ಅವೇ. ಆದರೆ ಸೆಲ್ಟೋಸ್ ಕೊಂಡವರಿಗೆ ‘ನಿಮ್ಮದು ಕ್ರೆಟಾ’ ಎಂದು ಹೇಳಿ ನೋಡಿ, ಮಾತು ಬಿಡುತ್ತಾರೆ.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೇ ದಕ್ಷಿಣದಲ್ಲಿದೆ. ಚೆನ್ನೈ ಬಳಿಯ ಒರಗಡಂನಲ್ಲಿ ರೆನೊ ಮತ್ತು ನಿಸ್ಸಾನ್ ಜಂಟಿ ಕಾರ್ಖಾನೆ ತೆರೆದು ಮೈಕ್ರಾವನ್ನು ಪಲ್ಸ್ ಎಂದೂ ಸನ್ನಿಯನ್ನು ಸ್ಕಾಲಾ ಎಂದೂ ಇನ್ನೊಂದು ಲಾಂಛನ ಅಂಟಿಸಿ ಮಾರಿದವು. ಬಾಗಿಲು, ಗಾಜು ಎಲ್ಲ ಅದೇ. ಗಿರಾಕಿ ದಡ್ಡನಲ್ಲ. ರಸ್ತೆಯಲ್ಲಿ ಕೊನೆಯ ಬಾರಿ ಪಲ್ಸ್ ನೋಡಿದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಿ.

ಯಾವ ಕಾರ್ಖಾನೆಗೆ ಬೀಗ ಬೀಳುತ್ತದೆ ಎಂದು ಕೇಳಿ

ಈ ಪ್ರಶ್ನೆ ಕೇಳಲು ಕಟು ಎನ್ನಿಸುತ್ತದೆ, ಆದರೂ ಕೇಳಲೇಬೇಕು. ಕಾರು ಕಾರ್ಖಾನೆ ಎಂದರೆ ಪೇಂಟ್ ಶಾಪ್, ಬಾಡಿ ಶಾಪ್, ರೋಬಾಟ್‌ಗಳು. ಕಾರು ಬಂದರೂ ಬರದಿದ್ದರೂ ಅವುಗಳ ಖರ್ಚು ಇದ್ದೇ ಇರುತ್ತದೆ. ಅರ್ಧ ಖಾಲಿ ಕಾರ್ಖಾನೆಗಳಿರುವ ಕಂಪನಿ, ಹಾಗೆಯೇ ಅರ್ಧ ಖಾಲಿ ಕಾರ್ಖಾನೆಗಳಿರುವ ಇನ್ನೊಂದು ಕಂಪನಿಯ ಜೊತೆ ಸೇರಿದರೆ ಸಿಗುವುದು ಅರ್ಧ ಖಾಲಿಯಿರುವ ದೊಡ್ಡ ಕಂಪನಿ.

ನಿಸ್ಸಾನ್‌ನ ನಿಜವಾದ ಕಾಯಿಲೆ ಇದೇ ಆಗಿತ್ತು. ಮಾತುಕತೆ ಮುರಿದ ಮೇಲೆ, 2025ರ ಮೇ ತಿಂಗಳಲ್ಲಿ, ಹೊಸ ಮುಖ್ಯಸ್ಥ ಇವಾನ್ ಎಸ್ಪಿನೋಸಾ 17 ಕಾರ್ಖಾನೆಗಳನ್ನು 10ಕ್ಕೆ ಇಳಿಸುವ, ಒಟ್ಟು 20,000 ಉದ್ಯೋಗ ಕಡಿತದ ಯೋಜನೆ ಮುಂದಿಟ್ಟರು. ಆಗಷ್ಟೇ ಮುಗಿದಿದ್ದ ಹಣಕಾಸು ವರ್ಷದ ನಿವ್ವಳ ನಷ್ಟ 67 ಸಾವಿರ ಕೋಟಿ ಯೆನ್. ಈ ಶಸ್ತ್ರಚಿಕಿತ್ಸೆಗೆ ವಿಲೀನ ಬೇಕಿರಲಿಲ್ಲ, ಗಟ್ಟಿ ಕೈ ಬೇಕಿತ್ತು.

1999ರಲ್ಲಿ ಇದೇ ನಿಸ್ಸಾನ್ ಮುಳುಗುತ್ತಿದ್ದಾಗ ರೆನೊ ಶೇ 36.8ರಷ್ಟು ಪಾಲು ಕೊಂಡು ಕಾರ್ಲೋಸ್ ಘೋನ್ ಅವರನ್ನು ಟೋಕಿಯೊಗೆ ಕಳಿಸಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಅವರು ಪ್ರಕಟಿಸಿದ ಯೋಜನೆಯನ್ನು ನಮ್ಮ ವೃತ್ತಿಯವರು ಇಂದಿಗೂ ಮರೆತಿಲ್ಲ. ಜಪಾನಿನ ಐದು ಕಾರ್ಖಾನೆಗಳಿಗೆ ಬೀಗ, 21,000 ಉದ್ಯೋಗ ಕಡಿತ, ಮೂರು ವರ್ಷದಲ್ಲಿ ಖರೀದಿ ಖರ್ಚು ಶೇ 20 ಇಳಿಕೆ, 1,145 ಬಿಡಿಭಾಗ ಪೂರೈಕೆದಾರರ ಸಂಖ್ಯೆ 600ಕ್ಕೆ. ಸುಮಾರು ಅರ್ಧದಷ್ಟು ಜನರಿಗೆ ಮನೆಗೆ ಹೋಗಿ ಎಂದಂತೆ. ಜಪಾನಿನಲ್ಲಿ ಪೂರೈಕೆದಾರ ಎಂದರೆ ಕಂಪನಿಯ ಕುಟುಂಬದವನೇ. ಅಂಥ ಕಡೆ ಇದನ್ನು ಹೇಳಲು ಹೊರಗಿನವನೇ ಬರಬೇಕಾಯಿತು. ಮರು ಹಣಕಾಸು ವರ್ಷದಲ್ಲೇ ನಿಸ್ಸಾನ್ ಲಾಭಕ್ಕೆ ಬಂತು.

ವಿಲೀನದ ದಿನವೇ ‘ಒಂದೂ ಕಾರ್ಖಾನೆ ಮುಚ್ಚುವುದಿಲ್ಲ’ ಎಂದು ಮಾತು ಕೊಟ್ಟವರೂ ಇದ್ದಾರೆ. ಫಿಯೆಟ್ ಕ್ರೈಸ್ಲರ್ ಮತ್ತು ಪ್ಯೂಜೊ ಸಮೂಹ ಸೇರಿ 2021ರ ಜನವರಿಯಲ್ಲಿ ಹುಟ್ಟಿದ ಸ್ಟೆಲಾಂಟಿಸ್ 14 ಬ್ರ್ಯಾಂಡ್‌ಗಳನ್ನು ಮಡಿಲಲ್ಲಿ ಹಾಕಿಕೊಂಡು, ವರ್ಷಕ್ಕೆ 500 ಕೋಟಿ ಯೂರೊ ಉಳಿತಾಯದ ಗುರಿ ಇಟ್ಟಿತು. ಮೊದಮೊದಲು ಅದ್ಭುತ ಎನಿಸಿತು. 2023ರ ನಿವ್ವಳ ಲಾಭ 1,860 ಕೋಟಿ ಯೂರೊ. ಮರುವರ್ಷ ಅದು 550 ಕೋಟಿಗೆ ಇಳಿಯಿತು, ಡಿಸೆಂಬರ್‌ನಲ್ಲಿ ಮುಖ್ಯಸ್ಥ ಕಾರ್ಲೋಸ್ ತವಾರೆಸ್ ರಾಜೀನಾಮೆ ಕೊಟ್ಟರು. ಖರ್ಚು ಹಿಂಡುವುದಕ್ಕೂ ಒಂದು ಮಿತಿಯಿದೆ. ಗಿರಾಕಿಗೆ ಬೇಕಾದ ಹೊಸ ಕಾರು ಬಾರದಿದ್ದರೆ ಹಿಂಡಲು ರಸವೇ ಇರುವುದಿಲ್ಲ.

ಕೊನೆಯ ಮಾತು ಯಾರದು?

ಈ ಕಲಮಿನಲ್ಲಿ ಒಂದೇ ಹೆಸರು ಬರೆಯಲು ಸಾಧ್ಯವಾಗಬೇಕು. ಎರಡು ಹೆಸರು ಬಂದರೆ, ಅಥವಾ ‘ಜಂಟಿ ಸಮಿತಿ’ ಎಂದು ಬಂದರೆ, ಕೆಂಪು ಶಾಯಿಯಲ್ಲಿ ಸುತ್ತು ಹಾಕಿ.

ಜರ್ಮನಿಯ ಡೈಮ್ಲರ್ ಬೆಂಜ್ ಮತ್ತು ಅಮೆರಿಕದ ಕ್ರೈಸ್ಲರ್ 1998ರ ಮೇ ತಿಂಗಳಲ್ಲಿ ಸುಮಾರು 3,600 ಕೋಟಿ ಡಾಲರ್ ವ್ಯವಹಾರ ಘೋಷಿಸಿದಾಗ ಅದನ್ನು ‘ಸಮಾನರ ವಿಲೀನ’ ಎಂದು ಕರೆದರು. ಯೂರ್ಗನ್ ಶ್ರೆಂಪ್ ಮತ್ತು ರಾಬರ್ಟ್ ಈಟನ್, ಇಬ್ಬರು ಜಂಟಿ ಅಧ್ಯಕ್ಷರು. ಒಂದು ಕಚೇರಿ ಸ್ಟುಟ್‌ಗಾರ್ಟ್‌ನಲ್ಲಿ, ಇನ್ನೊಂದು ಡೆಟ್ರಾಯಿಟ್ ಬಳಿಯ ಆಬರ್ನ್ ಹಿಲ್ಸ್‌ನಲ್ಲಿ. ಎರಡು ವರ್ಷವಾಗುವಷ್ಟರಲ್ಲಿ ಈಟನ್ ನಿವೃತ್ತರಾದರು. 2000ದ ಅಕ್ಟೋಬರ್‌ನಲ್ಲಿ ಶ್ರೆಂಪ್ ಪತ್ರಿಕೆಯೊಂದಕ್ಕೆ, ಕ್ರೈಸ್ಲರ್ ಒಂದು ವಿಭಾಗವಾಗಿರಬೇಕು ಎಂಬುದೇ ತಮ್ಮ ಮೊದಲಿನ ಲೆಕ್ಕಾಚಾರ ಎಂಬರ್ಥದ ಮಾತು ಹೇಳಿಬಿಟ್ಟರು. ದೊಡ್ಡ ಷೇರುದಾರ ಕರ್ಕ್ ಕರ್ಕೋರಿಯನ್ ನ್ಯಾಯಾಲಯದ ಮೆಟ್ಟಿಲು ಹತ್ತಿದರು.

ನನಗೆ ಇದರಲ್ಲಿ ಕುತೂಹಲ ಬಿಡಿಭಾಗಗಳದು. ಬೆಂಜ್ ಎಂಜಿನಿಯರುಗಳಿಗೆ ತಮ್ಮ ಭಾಗಗಳು ಕ್ರೈಸ್ಲರ್ ಕಾರಿಗೆ ಹೋದರೆ ನಕ್ಷತ್ರದ ಲಾಂಛನಕ್ಕೆ ಮಸಿ ಎಂಬ ಭಯ. ಅದಕ್ಕೆ ಹಳೆಯದನ್ನು ಕೊಟ್ಟದ್ದೂ ಇದೆ. 2003ರಲ್ಲಿ ಬಂದ ಕ್ರೈಸ್ಲರ್ ಕ್ರಾಸ್‌ಫೈರ್ ಕೂತದ್ದು ಬೆಂಜ್‌ನ ಮೊದಲ ಪೀಳಿಗೆಯ ಎಸ್‌ಎಲ್‌ಕೆ ಕಾರಿನ ಅಡಿಪಾಯದ ಮೇಲೆ. ಬೆಂಜ್ ಹೊಸ ಎಸ್‌ಎಲ್‌ಕೆಗೆ ಅಣಿಯಾಗಿತ್ತು. ಕೆಲವು ಲಕ್ಷ ಡಾಲರ್ ಬೆಲೆಯ ಡೈಗಳನ್ನು ಹಂಚಿಕೊಳ್ಳಲು ಮನಸ್ಸಿಲ್ಲದವರು ಕೋಟ್ಯಂತರ ಡಾಲರ್‌ನ ಕಂಪನಿಗಳನ್ನು ಒಂದು ಮಾಡಿದ್ದರು. 2007ರಲ್ಲಿ ಕ್ರೈಸ್ಲರ್‌ನ ಶೇ 80.1 ಪಾಲನ್ನು ಸರ್ಬೆರಸ್ ಎಂಬ ಹೂಡಿಕೆ ಸಂಸ್ಥೆಗೆ 740 ಕೋಟಿ ಡಾಲರ್‌ನ ವ್ಯವಹಾರದಲ್ಲಿ ದಾಟಿಸಿದರು.

ಹೋಂಡಾ ಈ ಪಾಠ ಓದಿಕೊಂಡಿತ್ತು ಎಂದೇ ನನ್ನ ಅನಿಸಿಕೆ. ಮೊದಲ ಯೋಜನೆಯಂತೆ ಎರಡೂ ಕಂಪನಿಗಳ ಮೇಲೆ, ಎರಡರ ಷೇರುಗಳನ್ನೂ ತನ್ನಲ್ಲಿಟ್ಟುಕೊಳ್ಳುವ ಒಂದು ಹಿಡುವಳಿ ಕಂಪನಿ ಬರಬೇಕಿತ್ತು, 2026ರ ಆಗಸ್ಟ್‌ನಲ್ಲಿ ಷೇರು ಪೇಟೆಗೆ ಇಳಿಯಬೇಕಿತ್ತು, ಅಧ್ಯಕ್ಷರನ್ನೂ ಹೆಚ್ಚಿನ ನಿರ್ದೇಶಕರನ್ನೂ ಹೋಂಡಾ ಸೂಚಿಸಬೇಕಿತ್ತು. ನಿಸ್ಸಾನ್ ತನ್ನ ಕಾರ್ಖಾನೆಗಳ ಕಡಿತದಲ್ಲಿ ಮೀನಮೇಷ ಎಣಿಸುತ್ತಿರುವುದನ್ನು ಕಂಡು ಹೋಂಡಾ ಮಾತು ಬದಲಿಸಿತು: ಹಿಡುವಳಿ ಕಂಪನಿ ಬೇಡ, ನಿಸ್ಸಾನ್ ನಮ್ಮ ಅಂಗಸಂಸ್ಥೆಯಾಗಲಿ. ನಾಲ್ಕು ಪಟ್ಟು ದೊಡ್ಡವನು ಹಾಗೆ ಕೇಳುವುದರಲ್ಲಿ ತಪ್ಪೇನು? ಆದರೆ ಒಂದು ಕಾಲಕ್ಕೆ ಜಪಾನಿನಲ್ಲಿ ಹೋಂಡಾಕ್ಕಿಂತ ದೊಡ್ಡದಾಗಿದ್ದ ಮನೆತನಕ್ಕೆ ಅದು ನುಂಗಲಾಗದ ತುತ್ತು. 2025ರ ಫೆಬ್ರುವರಿ 13ರಂದು ಮಾತುಕತೆ ಮುಗಿಯಿತೆಂದು ಎರಡೂ ಕಡೆಯವರು ಘೋಷಿಸಿದರು. ಸಹಿ ಹಾಕಿ ಎರಡು ತಿಂಗಳೂ ತುಂಬಿರಲಿಲ್ಲ.

ಬಿಟ್ಟುಹೋಗುವ ದಾರಿಯ ಷರತ್ತು ಓದಿ

ಚಿಕ್ಕ ಅಕ್ಷರದಲ್ಲಿರುತ್ತದೆ. 2000ದಲ್ಲಿ ಜನರಲ್ ಮೋಟರ್ಸ್ ಫಿಯೆಟ್ ಆಟೊದ ಶೇ 20 ಪಾಲು ಕೊಂಡಾಗ, ಉಳಿದದ್ದನ್ನೂ ಮುಂದೆ ಫಿಯೆಟ್ ಬಯಸಿದರೆ ಕೊಳ್ಳಲೇಬೇಕು ಎಂಬ ಷರತ್ತಿಗೆ ಸಹಿ ಹಾಕಿತ್ತು. ಫಿಯೆಟ್ ಹಾಳಾಗತೊಡಗಿದಾಗ ಆ ಷರತ್ತೇ ಕುತ್ತಿಗೆಗೆ ಬಂತು. 2005ರಲ್ಲಿ ಜನರಲ್ ಮೋಟರ್ಸ್ 155 ಕೋಟಿ ಯೂರೊ ಕೊಟ್ಟದ್ದು ಫಿಯೆಟ್ ಕೊಳ್ಳಲಿಕ್ಕಲ್ಲ, ಕೊಳ್ಳದೆ ಇರಲಿಕ್ಕೆ. ಫಿಯೆಟ್ ಮುಖ್ಯಸ್ಥ ಸೆರ್ಜಿಯೊ ಮಾರ್ಕಿಯೋನೆಗೆ ಕಾರು ಉದ್ಯಮದಲ್ಲಿ ಸಿಕ್ಕ ಮೊದಲ ದೊಡ್ಡ ಗೆಲುವು ಅದು. ಹೋಂಡಾ–ನಿಸ್ಸಾನ್ ಕಾಗದದಲ್ಲಿ ಮುರಿದುಕೊಂಡವರಿಗೆ 10 ಸಾವಿರ ಕೋಟಿ ಯೆನ್ ದಂಡದ ಮಾತಿತ್ತು. ಇಬ್ಬರೂ ಒಪ್ಪಿ ಬಿಟ್ಟದ್ದರಿಂದ ಯಾರೂ ತೆರಲಿಲ್ಲ.

ವಿಲೀನವಿಲ್ಲದೆಯೇ ಕೆಲಸ ಆಗುತ್ತದೆಯೇ?

ಇಷ್ಟೆಲ್ಲ ತುಂಬಿದ ಮೇಲೆ ಈ ಕೊನೆಯ ಕಲಮು. ಹಂಚಿಕೊಳ್ಳಬೇಕಾದದ್ದು ಒಂದು ಎಂಜಿನ್, ಒಂದು ಪ್ಲಾಟ್‌ಫಾರಂ, ಒಂದು ಕಾರ್ಖಾನೆಯ ಖಾಲಿ ಶಿಫ್ಟ್ ಅಷ್ಟೇ ಆಗಿದ್ದರೆ, ಅದಕ್ಕೆ ಇಡೀ ಕಂಪನಿ ಏಕೆ ಕೊಳ್ಳಬೇಕು?

ಜನರಲ್ ಮೋಟರ್ಸ್ ಮತ್ತು ಫಿಯೆಟ್ ಜಗಳವಾಡಿ ಬೇರೆಯಾದರೂ ಅವು ಜೊತೆಯಾಗಿ ರೂಪಿಸಿದ 1.3 ಲೀಟರ್ ಡೀಸೆಲ್ ಎಂಜಿನ್ ನಮ್ಮ ದೇಶದಲ್ಲಿ ಎಷ್ಟು ವರ್ಷ ಆಳಿತು! ಸ್ವಿಫ್ಟ್, ಡಿಜೈರ್, ಇಂಡಿಕಾ ವಿಸ್ತಾ, ಲಿನಿಯಾ, ಎಲ್ಲದರ ಬಾನೆಟ್ ಎತ್ತಿದರೆ ಅದೇ. ಮಾರುತಿ ಅದನ್ನು ಪರವಾನಗಿ ಪಡೆದು ತಾನೇ ತಯಾರಿಸಿತು. ಪರಸ್ಪರ ಗಿರಾಕಿ ಕಸಿಯುವ ಟಾಟಾ, ಮಾರುತಿ, ಫಿಯೆಟ್ ಒಂದೇ ಹೃದಯ ಇಟ್ಟುಕೊಂಡು ಓಡಿದವು. ಯಾರೂ ಯಾರಲ್ಲೂ ವಿಲೀನವಾಗಲಿಲ್ಲ.

ಇನ್ನೂ ಹತ್ತಿರದ್ದು ಬೇಕೆಂದರೆ ಮೈಸೂರು ರಸ್ತೆಯಲ್ಲಿ ಬಿಡದಿಯವರೆಗೆ ಹೋಗಿ. ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯ ಒಂದೇ ಕಡೆಯಿಂದ ಟೊಯೋಟ ಹೈರೈಡರ್ ಮತ್ತು ಮಾರುತಿಯ ಗ್ರ್ಯಾಂಡ್ ವಿಟಾರಾ ಎರಡೂ 2022ರಿಂದ ಹೊರಬರತೊಡಗಿದವು. ಅಡಿಪಾಯ ಸುಜುಕಿಯದು, ಅದರಲ್ಲಿ ಕೂರುವ ಸ್ಟ್ರಾಂಗ್ ಹೈಬ್ರಿಡ್ ವ್ಯವಸ್ಥೆ ಟೊಯೋಟದ್ದು. ಬಲೆನೊ ಟೊಯೋಟ ಶೋರೂಮ್‌ನಲ್ಲಿ ಗ್ಲಾಂಜಾ ಆಗುತ್ತದೆ, ಇನ್ನೋವಾ ಹೈಕ್ರಾಸ್ ಮಾರುತಿ ಶೋರೂಮ್‌ನಲ್ಲಿ ಇನ್ವಿಕ್ಟೊ ಆಗುತ್ತದೆ. ಲಾಂಛನ ಬದಲಿಸಿ ಮಾರಿದರೆ ಗಿರಾಕಿ ಒಪ್ಪುವುದಿಲ್ಲ ಎಂದು ಮೇಲೆ ಬರೆದೆನಲ್ಲ; ಗ್ಲಾಂಜಾ ಅದಕ್ಕೆ ಅಪವಾದ. ಅಲ್ಲಿ ಜನ ಟೊಯೋಟದ ಸರ್ವಿಸ್ ನಂಬಿ ಕೊಂಡರು. ಈ ಎಲ್ಲಕ್ಕೂ ಟೊಯೋಟ 2019ರಲ್ಲಿ ಕೊಳ್ಳಲು ಮುಂದಾದ ಸುಜುಕಿ ಪಾಲು ಶೇ 4.94 ಮಾತ್ರ. ಸುಜುಕಿ ಕೂಡ ಟೊಯೋಟದಲ್ಲಿ ಪುಟ್ಟ ಪಾಲು ಕೊಂಡಿತು. ಅದಕ್ಕೂ ಮುಂಚೆ ಫೋಕ್ಸ್‌ವ್ಯಾಗನ್ ಸುಜುಕಿಯ ಶೇ 19.9 ಪಾಲು ಕೊಂಡು, ಯಜಮಾನಿಕೆ ತೋರಿಸಲು ಹೋಗಿ, ಮಧ್ಯಸ್ಥಿಕೆ ನ್ಯಾಯಮಂಡಳಿಯವರೆಗೆ ಜಗಳ ಎಳೆದು 2015ರಲ್ಲಿ ಬೇರೆಯಾಗಿತ್ತು. ಹೆಚ್ಚು ಪಾಲು ಕೊಂಡವನಿಗೆ ಏನೂ ಸಿಗಲಿಲ್ಲ, ಕಡಿಮೆ ಕೊಂಡವನಿಗೆ ಬೇಕಾದದ್ದೆಲ್ಲ ಸಿಕ್ಕಿತು.

ಹೋಂಡಾ ಮತ್ತು ನಿಸ್ಸಾನ್‌ಗೂ ಈ ದಾರಿ ತೆರೆದೇ ಇತ್ತು. ವಿದ್ಯುತ್ ಕಾರು ಮತ್ತು ಸಾಫ್ಟ್‌ವೇರ್ ವಿಷಯದಲ್ಲಿ ಜೊತೆಯಾಗಿ ಕೆಲಸ ಮಾಡಲು ಮಿತ್ಸುಬಿಷಿಯನ್ನೂ ಸೇರಿಸಿಕೊಂಡು 2024ರ ಆಗಸ್ಟ್‌ನಲ್ಲೇ ಒಪ್ಪಿದ್ದವು. ವಿಲೀನ ಮುರಿದ ಮೇಲೂ ಆ ಸಹಕಾರ ಮುಂದುವರಿಯುತ್ತದೆ ಎಂದರು.

ಈಗ ಹಾಳೆ ಓದಿ. ಕಾಯಿಲೆ: ನಿಸ್ಸಾನ್‌ಗೆ, ಹೆಚ್ಚಾದ ಕಾರ್ಖಾನೆಗಳು, ಇಲ್ಲದ ಹೈಬ್ರಿಡ್. ಗೆರೆಗಳು: ತುಂಬ. ಹಂಚಿಕೊಳ್ಳಬಹುದಾದದ್ದು: ಹೈಬ್ರಿಡ್, ಬ್ಯಾಟರಿ, ಸಾಫ್ಟ್‌ವೇರ್, ಮೂರಕ್ಕೂ ವಿಲೀನ ಕಡ್ಡಾಯವಲ್ಲ. ಬೀಗ: ಬೀಳಲೇಬೇಕು, ಆದರೆ ಹಾಕಲು ಯಾರೂ ಸಿದ್ಧರಿರಲಿಲ್ಲ. ಕೊನೆಯ ಮಾತು: ಇಬ್ಬರು. ಹೋಂಡಾ ಪೂರ್ತಿ ಕೊಂಡು ತಾನೇ ಕತ್ತರಿ ಹಿಡಿದಿದ್ದರೆ ಗಿಟ್ಟುತ್ತಿತ್ತೇನೋ. ಸಮಾನರಾಗಿ ಸೇರುವ ಆ ವಿಲೀನಕ್ಕೆ ನಾನು ಕೊಟೇಶನ್ ಬರೆಯುತ್ತಿರಲಿಲ್ಲ.

ಇದನ್ನು ಓದುವವರಲ್ಲಿ ನಮ್ಮ ವೃತ್ತಿಯವರಿದ್ದರೆ, ನಿಮ್ಮ ಗ್ರಾಹಕ ಕಂಪನಿಯ ವಿಲೀನ ಘೋಷಣೆಯಾದ ವಾರವೇ ಮಾಡಬೇಕಾದ ಕೆಲಸ ಬೇರೆ ಇದೆ. ಬಾಕಿಯಿರುವ ಡೈ ಹಣಕ್ಕೆಲ್ಲ ಬಿಲ್ ಕೊಡಿ, ಯಾವ ಡೈ ಯಾರ ಆಸ್ತಿ ಎಂಬುದಕ್ಕೆ ಸಹಿಯಾದ ಪಟ್ಟಿ ಪಡೆಯಿರಿ. ಎರಡೂ ಕಂಪನಿಗೆ ಒಂದೇ ಥರದ ಭಾಗ ಕೊಡುತ್ತಿದ್ದರೆ ಎರಡರ ದರವನ್ನೂ ಪಕ್ಕಪಕ್ಕ ಇಟ್ಟು ನೋಡಿ, ವ್ಯತ್ಯಾಸಕ್ಕೆ ಕಾರಣ ಬರೆದಿಡಿ. ಅವರ ಖರೀದಿ ವಿಭಾಗಗಳು ಒಂದಾದ ದಿನ ಮೊದಲು ಕೇಳುವ ಪ್ರಶ್ನೆ ಅದೇ, ಕಡಿಮೆ ದರವನ್ನೇ ಎರಡಕ್ಕೂ ಕೊಡಿ ಎನ್ನುತ್ತಾರೆ. ವೆಂಡರ್ ಕೋಡ್ (ಕಂಪನಿ ನಮಗೆ ಕೊಟ್ಟಿರುವ ಪೂರೈಕೆದಾರ ಸಂಖ್ಯೆ) ಬದಲಾಗುವ ತಿಂಗಳು ಯಾವುದೆಂದು ಲೆಕ್ಕಪತ್ರ ವಿಭಾಗದಿಂದ ತಿಳಿದುಕೊಂಡು, ಅದಕ್ಕೆ ಮುಂಚಿನ ಇನ್‌ವಾಯ್ಸ್‌ಗಳೆಲ್ಲ ಹಳೆಯ ಕೋಡ್‌ನಲ್ಲೇ ಪಾಸಾಗುವಂತೆ ನೋಡಿಕೊಳ್ಳಿ.